ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಶ್ರೀರಂಗಪಟ್ಟಣ ಸೀಮೆಯ ರಸ್ತೆಯಲ್ಲಿ ಲಾರಿ ವಿದ್ಯುತ್ ದುರಸ್ತಿಯ ಚರಿತ್ರೆ

ಹೇರು ಹೊತ್ತ ಲಾರಿ ಏರಿನಲ್ಲಿ ಎಳೆಯದೆ ಸೋತಾಗ, ಹಾಕಿದ ಗೇರು ಬೀಳದೆ ಹೋದಾಗ ಅಥವಾ ಇಂಜಿನ್ ಓಡುತ್ತಿದ್ದರೂ ಗಾಡಿ ಮುಂದೆ ಸರಿಯದಿದ್ದಾಗ ದೂರು ಮೊದಲು ಹೋಗುವುದು ಗೇರ್‌ಬಾಕ್ಸಿನ ಮೇಲೆ, ಅದರ ಬೆನ್ನಿಗೇ ಕ್ಲಚ್ ಪ್ಲೇಟಿನ ಮೇಲೆ. ಇಂಜಿನ್ನಿನ ತಿರುಗುವಿಕೆಯನ್ನು ಬೇಕಾದ ವೇಗಕ್ಕೂ ಬಲಕ್ಕೂ ಹೊಂದಿಸಿ ಹಿಂದಿನ ಚಕ್ರಗಳಿಗೆ ಸಾಗಿಸುವ ಹಲ್ಲುಗಾಲಿಗಳ ಪೆಟ್ಟಿಗೆಯೇ ಗೇರ್‌ಬಾಕ್ಸು. ಇಂಜಿನ್ನಿಗೂ ಆ ಪೆಟ್ಟಿಗೆಗೂ ನಡುವಣ ಹಿಡಿತವನ್ನು ಕೂಡಿಸುವ, ಬಿಡಿಸುವ ತಟ್ಟೆಯೇ ಕ್ಲಚ್ ಪ್ಲೇಟು. ಎರಡೂ ತೂಕದ, ಸವೆಯುವ, ಕಣ್ಣಿಗೆ ಕಾಣುವ ವಸ್ತುಗಳಾದ್ದರಿಂದ ಕೇಡು ಅಲ್ಲಿಯೇ ಇರಬೇಕೆಂಬ ನಂಬಿಕೆ ಸುಲಭವಾಗಿ ಹುಟ್ಟುತ್ತದೆ. ಪೆಟ್ಟಿಗೆಯನ್ನು ಕೆಳಗಿಳಿಸಿ ಬಿಚ್ಚಿ ನೋಡಿದ ಮೇಲೆ ಹಲ್ಲುಗಳೆಲ್ಲ ನೆಟ್ಟಗಿರುವುದು ತಿಳಿದು, ಕಡೆಗೆ ಎಲ್ಲೋ ಒಂದು ತಂತಿಯ ತುದಿಯಲ್ಲಿ ಕಟ್ಟಿದ ಕಿಲುಬೇ ಕಾರಣವೆಂದು ಗೊತ್ತಾಗುವುದೂ ಈ ಕಸುಬಿನಲ್ಲಿ ಹೊಸತಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಹೇಳುವ ತಪ್ಪು ಇದೇ. ವೈದ್ಯಶಾಸ್ತ್ರದಲ್ಲಿ ರೋಗದ ಮೂಲಕಾರಣವನ್ನು ಅರಿಯುವುದಕ್ಕೆ ‘ನಿದಾನ’ ಎಂದು ಹೆಸರು. ಲಾರಿಯ ವಿದ್ಯುತ್ ದುರಸ್ತಿಯ ಚರಿತ್ರೆಯು ಕೇಡು ಕಾಣಿಸಿಕೊಳ್ಳುವ ಜಾಗಕ್ಕೂ ಅದರ ಕಾರಣವಿರುವ ಜಾಗಕ್ಕೂ ನಡುವಿನ ದೂರ ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತ ಬಂದುದರ, ಆ ದೂರವನ್ನು ಅಳೆಯಲು ಕಸುಬುದಾರರು ಕಲಿತ ನಿದಾನದ ಚರಿತ್ರೆಯೇ ಆಗಿದೆ.

ರಸ್ತೆ ಮತ್ತು ಕೀಲೆಣ್ಣೆ

ಈ ಚರಿತ್ರೆಯನ್ನು ಒಂದು ಕೂಡುರಸ್ತೆಯ ಊರಿನಿಂದ ನೋಡಬಹುದು. ಬಾಬುರಾಯನಕೊಪ್ಪಲು ಶ್ರೀರಂಗಪಟ್ಟಣದ ಹೊರಗೆ, ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯ ಮೇಲೆ ಬೆಳೆದ ಊರು. ಕೊಪ್ಪಲು ಎಂಬುದು ಹಳೆಯ ಮೈಸೂರು ಸೀಮೆಯಲ್ಲಿ ದೊಡ್ಡ ಊರುಗಳ ಆಸುಪಾಸಿನ ಚಿಕ್ಕ ವಸತಿಗಳಿಗೆ ಸಲ್ಲುವ ಹೆಸರು. ಇದರ ನೆರೆಯಲ್ಲಿ ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವ ಬನ್ನಿಮಂಟಪವುಳ್ಳ ಕಿರಂಗೂರು ಇದೆ. ಲೋಕಪಾವನಿ ಹೊಳೆ ಕಾವೇರಿಯನ್ನು ಕೂಡುವ ಕರಿಘಟ್ಟದ ತಪ್ಪಲೂ ದೂರವಲ್ಲ. ಪಾಂಡವಪುರ, ನಾಗಮಂಗಲಗಳ ಕಡೆಗೆ ಹೋಗುವ ದಾರಿ ಈ ಆಸುಪಾಸಿನಲ್ಲಿಯೇ ಕವಲೊಡೆಯುತ್ತದೆ. ಇಂದು ಅದು ಜೇವರ್ಗಿಯಿಂದ ಚಾಮರಾಜನಗರದವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ ಯ ಭಾಗವಾಗಿದೆ. ಹೀಗೆ ಸುತ್ತಲಿನ ತಾಲ್ಲೂಕುಗಳ ಕಬ್ಬು, ಬೆಲ್ಲ, ಭತ್ತ, ತೆಂಗು ಮತ್ತು ಕಲ್ಲು ಬೆಂಗಳೂರು–ಮೈಸೂರು ದಾರಿಯನ್ನು ಮುಟ್ಟುವ ಕೂಡುರಸ್ತೆಗಳಲ್ಲಿ ಈ ನೆಲೆಯೂ ಒಂದು.

ಈ ದಾರಿ ಲಾರಿಗಿಂತ ಬಹಳ ಹಳೆಯದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಕಾಲದಿಂದ 1799ರಲ್ಲಿ ಟಿಪ್ಪು ಸುಲ್ತಾನ್ ಮಡಿಯುವವರೆಗೆ ರಾಜಧಾನಿಯಾಗಿದ್ದ ಪಟ್ಟಣಕ್ಕೆ ದವಸವನ್ನೂ ಯುದ್ಧಸಾಮಗ್ರಿಯನ್ನೂ ತಂದದ್ದು ಎತ್ತುಗಳು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲಕ್ಕೆ ‘ಅಮೃತ ಮಹಲ್’ ಎಂದು ಹೆಸರಾಗಿ, ಫಿರಂಗಿ ಎಳೆಯುವ ರಾಸುಗಳನ್ನು ಸಾಕುವ ಇಲಾಖೆಯಾಗಿ ಬೆಳೆಯಿತು. ಪಾಂಡವಪುರಕ್ಕೆ ಹಿರೋಡೆ ಎಂಬ ಮೂಲ ಹೆಸರಿನ ಜೊತೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಅಂಟಿಕೊಂಡದ್ದು ಹೈದರ್ ಮತ್ತು ಟಿಪ್ಪುವಿನ ಸೈನ್ಯದಲ್ಲಿದ್ದ ಫ್ರೆಂಚರು ಅಲ್ಲಿ ಬೀಡುಬಿಟ್ಟಿದ್ದರಿಂದ. ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ 1804ರಲ್ಲಿ ಕಾವೇರಿಗೆ ಅಡ್ಡಲಾಗಿ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆ ಪೂರ್ಣಗೊಂಡಿತು. 1882ರಲ್ಲಿ ಬೆಂಗಳೂರಿನಿಂದ ಹೊರಟ ರೈಲು ಮೈಸೂರನ್ನು ಮುಟ್ಟಿದ ಮೇಲೂ ಹೊಲದಿಂದ ನಿಲ್ದಾಣದವರೆಗಿನ ಸಾಗಣೆ ಎತ್ತಿನ ಗಾಡಿಯದೇ ಆಗಿತ್ತು.

ಎತ್ತಿನ ಗಾಡಿಯ ದುರಸ್ತಿಯಲ್ಲಿ ಕೇಡು ಕಂಡಲ್ಲಿಯೇ ಕಾರಣವೂ ಸಿಗುತ್ತಿತ್ತು. ಚಕ್ರದ ನಡುವಿನ ಗುಂಬ ಕಿರುಗುಟ್ಟಿದರೆ ಕೀಲೆಣ್ಣೆ ಒಣಗಿದೆ, ಚಕ್ರ ಓಲಾಡಿದರೆ ಕಡಾಣಿ ಸಡಿಲವಾಗಿದೆ, ಸುತ್ತಿನ ಕಬ್ಬಿಣದ ಪಟ್ಟಿ ಸದ್ದು ಮಾಡಿದರೆ ಮರ ಒಣಗಿ ಕುಗ್ಗಿದೆ. ಅಚ್ಚಿನ ತುದಿಯಿಂದ ಚಕ್ರ ಕಳಚದಂತೆ ತಡೆಯುವ ಚಿಕ್ಕ ಕೀಲೇ ಕಡಾಣಿ. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಈ ಕೀಲು ಕಳೆದರೆ ಇಡೀ ಗಾಡಿ ನೆಲಕ್ಕೆ ಬೀಳುತ್ತದೆಂಬ ಅರಿವು ಬಡಗಿಗೂ ಕಮ್ಮಾರನಿಗೂ ಇತ್ತು. ಚಿಕ್ಕದರ ಕೇಡು ದೊಡ್ಡದನ್ನು ಕೆಡಹುತ್ತದೆ ಎಂಬ ಈ ತಿಳಿವಳಿಕೆ ಲಾರಿಯ ಕಾಲಕ್ಕೂ ಉಳಿಯಿತು. ಬದಲಾದದ್ದು ಇಷ್ಟೇ: ಆ ಚಿಕ್ಕದು ಇನ್ನು ಮುಂದೆ ಕಣ್ಣಿಗೆ ಬೀಳದಾಯಿತು, ಕಿವಿಗೂ ಕೇಳಿಸದಾಯಿತು.

ಶಿವನಸಮುದ್ರದ ತಂತಿ, ಲಾರಿಯ ತಂತಿ

ವಿದ್ಯುತ್ತಿನ ಪರಿಚಯ ಈ ಸೀಮೆಗೆ ತಡವಾಗಿ ಆದದ್ದಲ್ಲ. ಇಂದಿನ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಆರಂಭವಾದ ಜಲವಿದ್ಯುತ್ ಕೇಂದ್ರವು ಸುಮಾರು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟಿನ ಕೆಲಸ, ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಇರ್ವಿನ್ ನಾಲೆಯ ನೀರು, 1933ರಲ್ಲಿ ಮಂಡ್ಯದಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ, ಇವು ಒಂದನ್ನೊಂದು ಹಿಂಬಾಲಿಸಿ ಬಂದು, ಕಡಿದ ಕಬ್ಬನ್ನು ಸಕ್ಕರೆಯ ಅಂಶ ಇಳಿಯುವ ಮೊದಲೇ ಕಾರ್ಖಾನೆಗೆ ಮುಟ್ಟಿಸಬೇಕಾದ ಅವಸರವನ್ನು ರೈತನ ಬದುಕಿಗೆ ತಂದವು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಪ್ರತ್ಯೇಕ ಜಿಲ್ಲೆಯಾಗುವ ಹೊತ್ತಿಗೆ, ಎತ್ತಿನ ಗಾಡಿಯ ಪಕ್ಕದಲ್ಲಿ ಮೋಟಾರು ಸಾಗಣೆಗೂ ಬೇಡಿಕೆ ಹುಟ್ಟುವ ನೆಲ ಸಿದ್ಧವಾಗಿತ್ತು.

ಆರಂಭದ ಮೋಟಾರುಗಳಲ್ಲಿ ವಿದ್ಯುತ್ತಿನ ಪಾತ್ರ ಅಲ್ಪ. ದೀಪಕ್ಕೆ ಕಾರ್ಬೈಡ್ ಅನಿಲ, ಹಾರ್ನಿಗೆ ರಬ್ಬರಿನ ಬುರುಡೆ, ಇಂಜಿನ್ ಓಡಿಸಲು ಮುಂದಿನಿಂದ ತಿರುಗಿಸುವ ಕಬ್ಬಿಣದ ಹ್ಯಾಂಡಲ್. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಹ್ಯಾಂಡಲ್ ಹಿಂದೆ ಸರಿಯತೊಡಗಿತು. ತಾನಾಗಿ ಇಂಜಿನ್ನನ್ನು ಹೊರಳಿಸುವ ಈ ಮೋಟಾರಿಗೆ ಕನ್ನಡದ ಗ್ಯಾರೇಜುಗಳಲ್ಲಿ ‘ಸೆಲ್ಫು’ ಎಂಬ ಹೆಸರು ನಿಂತಿತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದು ಇದ್ದಿಲಿನ ಅನಿಲದಿಂದ ಬಸ್ಸುಗಳು ಓಡಿದವು. ಯುದ್ಧ ಮುಗಿದ ಮೇಲೆ ಸೈನ್ಯ ವಿಲೇವಾರಿ ಮಾಡಿದ ಲಾರಿಗಳು ಖಾಸಗಿಯವರ ಕೈ ಸೇರಿದವು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಕೆಲಸ ಆರಂಭಿಸಿತು. 1954ರಲ್ಲಿ ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್–ಬೆಂಜ್ ಸಹಯೋಗದಲ್ಲಿ ಜಮ್‌ಶೆಡ್‌ಪುರದಲ್ಲಿ ಡೀಸೆಲ್ ಲಾರಿ ತಯಾರಿಕೆಗೆ ತೊಡಗಿತು. 1955ರಲ್ಲಿ ಅಶೋಕ್ ಮೋಟಾರ್ಸ್ ಎಂಬುದು ಅಶೋಕ್ ಲೇಲ್ಯಾಂಡ್ ಆಯಿತು. ಬಿಡಿಭಾಗಗಳ ಮಟ್ಟಿಗೆ ಎರಡು ಸಂಸ್ಥೆಗಳು ದಕ್ಷಿಣದ ಗ್ಯಾರೇಜುಗಳ ಮಾತಿನಲ್ಲಿ ಮನೆಮಾತಾದವು: ಬಾಷ್ ಸಹಯೋಗದಲ್ಲಿ 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ಮತ್ತು 1961ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಲ್ಯೂಕಾಸ್–ಟಿವಿಎಸ್. ಡೀಸೆಲ್ ಪಂಪು ಮೈಕೋದ್ದು, ಸೆಲ್ಫು ಮತ್ತು ಬ್ಯಾಟರಿ ತುಂಬುವ ಡೈನಮೋ ಲ್ಯೂಕಾಸಿನದು ಎಂಬಷ್ಟು ಈ ಹೆಸರುಗಳು ಬಳಕೆಗೆ ಬಂದವು.

ಈ ಡೀಸೆಲ್ ಲಾರಿಗಳ ಒಂದು ಗುಣವನ್ನು ಗಮನಿಸದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು, ಕಿಡಿಗೆ ವಿದ್ಯುತ್ತು ಬೇಕು. ಡೀಸೆಲ್ ಇಂಜಿನ್ನಿನಲ್ಲಿ ಗಾಳಿ ಒತ್ತಡಕ್ಕೆ ಸಿಕ್ಕಿ ಕಾದಾಗ ಇಂಧನ ತಾನಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಹಳೆಯ ಡೀಸೆಲ್ ಲಾರಿ ಒಮ್ಮೆ ಸ್ಟಾರ್ಟ್ ಆಯಿತೆಂದರೆ ಬ್ಯಾಟರಿಯನ್ನು ಪೂರ್ತಿ ಕಳಚಿಟ್ಟರೂ ಓಡುತ್ತಿತ್ತು. ಇಳಿಜಾರಿನಲ್ಲಿ ಬಿಟ್ಟು, ಇಲ್ಲವೆ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಿದರೆ ಮೈಸೂರಿನಿಂದ ಬೆಂಗಳೂರಿಗೆ ಹಗಲಿನಲ್ಲಿ ಹೋಗಲು ವಿದ್ಯುತ್ತಿನ ಹಂಗೇ ಇರಲಿಲ್ಲ. ಇದರ ಫಲವಾಗಿ ಕಸುಬು ಎರಡು ಪಾಲಾಯಿತು: ಎಳೆತಕ್ಕೆ ಸಂಬಂಧಿಸಿದ್ದೆಲ್ಲ ಮೆಕ್ಯಾನಿಕ್ ಮೇಸ್ತ್ರಿಯದು, ಬೆಳಕು, ಸದ್ದು ಮತ್ತು ಸೆಲ್ಫು ಮಾತ್ರ ಆಟೋ ಎಲೆಕ್ಟ್ರಿಷಿಯನ್ನನದು. ಒಬ್ಬನ ಮೈಗೆ ಗ್ರೀಸು, ಇನ್ನೊಬ್ಬನ ಬೆರಳಿಗೆ ಬ್ಯಾಟರಿಯ ಆಸಿಡ್ಡು ಮತ್ತು ಬೆಸುಗೆಯ ಹೊಗೆ. ಗೇರ್‌ಬಾಕ್ಸಿನ ದೂರು ಬಂದರೆ ಎರಡನೆಯವನನ್ನು ಕರೆಯುವ ಪ್ರಶ್ನೆಯೇ ಏಳುತ್ತಿರಲಿಲ್ಲ.

ಮೈಯೇ ಎರಡನೆಯ ತಂತಿ

ಈ ವಿಭಜನೆಯನ್ನು ಹಳೆಯ ಕಾಲದಲ್ಲಿಯೇ ಸುಳ್ಳಾಗಿಸಿದ ಕೇಡು ಒಂದಿತ್ತು. ಅದು ಅರ್ತಿನ ಕೇಡು. ಮನೆಯ ದೀಪಕ್ಕೆ ಹೋಗಲೊಂದು, ಬರಲೊಂದು, ಹೀಗೆ ಎರಡು ತಂತಿಗಳಿರುತ್ತವೆ. ಲಾರಿಯಲ್ಲಿ ಸಾಮಾನ್ಯವಾಗಿ ಹೋಗುವ ತಂತಿ ಮಾತ್ರ ಇರುತ್ತದೆ. ಬರುವ ದಾರಿಯಾಗಿ ಲಾರಿಯ ಕಬ್ಬಿಣದ ಮೈಯನ್ನೇ, ಅಂದರೆ ಚಾಸಿಯನ್ನೇ ಬಳಸಲಾಗುತ್ತದೆ. ಬ್ಯಾಟರಿಯ ಋಣ ತುದಿಯನ್ನು ಚಾಸಿಗೆ ಬಿಗಿದು, ಆ ಸಂಪರ್ಕವನ್ನು ‘ಅರ್ತ್’ ಎನ್ನಲಾಗುತ್ತದೆ. ಆದರೆ ಇಂಜಿನ್ ಮತ್ತು ಗೇರ್‌ಬಾಕ್ಸು ಚಾಸಿಯ ಮೇಲೆ ನೇರವಾಗಿ ಕೂತಿರುವುದಿಲ್ಲ. ಅದುರುವಿಕೆಯನ್ನು ತಡೆಯಲೆಂದು ಅವುಗಳ ಕೆಳಗೆ ರಬ್ಬರಿನ ಮೆತ್ತೆಗಳಿರುತ್ತವೆ, ರಬ್ಬರು ವಿದ್ಯುತ್ತನ್ನು ಬಿಡದು. ಆದ್ದರಿಂದ ಇಂಜಿನ್ನಿನಿಂದ ಚಾಸಿಗೆ ಜಡೆಯಂತೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಜೋಡಿಸಲಾಗುತ್ತದೆ. ಸೆಲ್ಫು ತಿರುಗುವಾಗ ನೂರಾರು ಆಂಪಿಯರ್ ವಿದ್ಯುತ್ತು ಬ್ಯಾಟರಿಗೆ ಮರಳುವುದು ಈ ಪಟ್ಟಿಯ ಮೂಲಕ.

ಕೆಸರು, ಎಣ್ಣೆ ಮತ್ತು ತುಕ್ಕು ಸೇರಿ ಆ ಪಟ್ಟಿ ಹರಿದರೆ, ಅಥವಾ ಅದರ ಬೋಲ್ಟಿನ ಕೆಳಗೆ ಬಣ್ಣವೋ ಕಿಲುಬೋ ಕೂತರೆ, ವಿದ್ಯುತ್ತು ಸುಮ್ಮನಿರದೆ ಬೇರೆ ದಾರಿ ಹುಡುಕುತ್ತದೆ. ಇಂಜಿನ್ನಿಗೂ ಚಾಸಿಗೂ ಲೋಹದಿಂದ ಲೋಹಕ್ಕೆ ತಾಗಿರುವ ಉಳಿದ ವಸ್ತುಗಳು ಯಾವುವೆಂದರೆ ಆಕ್ಸಿಲರೇಟರ್ ಕೇಬಲು, ಮೈಲಿ ಮೀಟರಿನ ಕೇಬಲು, ಗೇರ್ ಲಿವರಿನ ಸರಳುಗಳು ಮತ್ತು ಗೇರ್‌ಬಾಕ್ಸಿನಿಂದ ಹಿಂದಿನ ಅಚ್ಚಿನ ಹೌಸಿಂಗಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟು. ಬೆರಳಿನಷ್ಟು ದಪ್ಪದ ತಾಮ್ರ ಹೊರಬೇಕಾದ ಹೊರೆ ತೆಳುವಾದ ಉಕ್ಕಿನ ಎಳೆಗಳ ಮೇಲೆ ಬಿದ್ದಾಗ ಕೇಬಲು ಕಾದು, ಒಳಗಿನ ಎಳೆ ಹೊರಕವಚಕ್ಕೆ ಹತ್ತಿಕೊಂಡು ಬಿಗಿಯಾಗುತ್ತದೆ. ಕೀಲುಗಳಲ್ಲಿಯೂ ಬೇರಿಂಗುಗಳಲ್ಲಿಯೂ ಕಿಡಿ ಹಾರಿ ನಯವಾದ ಮೇಲ್ಮೈಯಲ್ಲಿ ಚುಕ್ಕೆಚುಕ್ಕೆಯ ಗುಳಿ ಬೀಳುತ್ತದೆ. ಚಾಲಕನಿಗೆ ತಿಳಿಯುವುದು ಲಿವರು ಬಿಗಿಯಾದದ್ದು, ಗೇರ್‌ಬಾಕ್ಸಿನ ಕಡೆಯಿಂದ ಸದ್ದು ಬಂದದ್ದು ಅಷ್ಟೇ. ಬೇರಿಂಗು ಬದಲಿಸಿ ಕಳಿಸಿದರೆ ಕೆಲವು ತಿಂಗಳಲ್ಲಿ ಹೊಸ ಬೇರಿಂಗೂ ಹಾಗೆಯೇ ಹಾಳಾಗುತ್ತದೆ, ಏಕೆಂದರೆ ಜ್ವರ ಎತ್ತಿಗೆ ಬಂದಿದೆ, ಬರೆ ಮಾತ್ರ ಎಮ್ಮೆಗೆ ಬಿದ್ದಿದೆ.

ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟು ಪಡೆಯುವ ಪದ್ಧತಿ ನೆಲೆಯೂರಿದ್ದಕ್ಕೂ ತಂತಿಯ ಮೇಲಿನ ಹೊರೆಯ ಈ ತರ್ಕಕ್ಕೂ ಸಂಬಂಧವಿದೆ. ಅಷ್ಟೇ ಶಕ್ತಿಯನ್ನು ಎರಡರಷ್ಟು ವೋಲ್ಟೇಜಿನಲ್ಲಿ ಸಾಗಿಸಿದರೆ ವಿದ್ಯುತ್ ಪ್ರವಾಹ ಅರ್ಧಕ್ಕೆ ಇಳಿದು, ಅದೇ ತಂತಿಯಲ್ಲಿ ಆಗುವ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ಶಿವನಸಮುದ್ರದಿಂದ ಕೋಲಾರಕ್ಕೆ ಹೆಚ್ಚು ವೋಲ್ಟೇಜಿನಲ್ಲಿ ವಿದ್ಯುತ್ತನ್ನು ಕಳಿಸಿದ್ದರ ಹಿಂದಿದ್ದ ಲೆಕ್ಕವೂ ಇದೇ. ಡೈನಮೋದ ಜಾಗಕ್ಕೆ ಆಲ್ಟರ್ನೇಟರು ಬಂದದ್ದೂ ಈ ದಾರಿಯ ಇನ್ನೊಂದು ಮಜಲು. ಇಂಜಿನ್ ನಿಧಾನವಾಗಿ ಓಡುವಾಗ ಡೈನಮೋ ಬ್ಯಾಟರಿಯನ್ನು ತುಂಬಲಾರದು. ಆಲ್ಟರ್ನೇಟರು ಪರ್ಯಾಯ ವಿದ್ಯುತ್ತನ್ನು ಹುಟ್ಟಿಸಿ, ಡಯೋಡುಗಳೆಂಬ ಏಕಮುಖ ಬಾಗಿಲುಗಳ ಮೂಲಕ ಅದನ್ನು ನೇರ ವಿದ್ಯುತ್ತಾಗಿಸಿ, ಕಡಿಮೆ ವೇಗದಲ್ಲಿಯೂ ಬ್ಯಾಟರಿಯನ್ನು ತುಂಬುತ್ತದೆ. ಕಾರ್ಖಾನೆಯ ಅಂಗಳದಲ್ಲಿ ಸರದಿಗಾಗಿ ಕಾಯುವ ಕಬ್ಬಿನ ಲಾರಿಯಂಥ ವಾಹನಕ್ಕೆ ಇದು ಸಣ್ಣ ಅನುಕೂಲವಲ್ಲ.

ದೀಪ ಮತ್ತು ಮೀಟರು

ರಸ್ತೆಬದಿಯ ಎಲೆಕ್ಟ್ರಿಷಿಯನ್ನನ ಮೊದಲ ಉಪಕರಣ ಟೆಸ್ಟ್ ಲ್ಯಾಂಪು. ಹೋಲ್ಡರಿಗೆ ಸಿಕ್ಕಿಸಿದ ಲಾರಿಯದೇ ಒಂದು ಬಲ್ಬು, ಅದರಿಂದ ಹೊರಟ ಎರಡು ವೈರು, ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ಮೊನೆಯುಳ್ಳ ಕಡ್ಡಿ. ಇಷ್ಟರಲ್ಲಿ ಅದು ಮುಗಿಯಿತು. ಕ್ಲಿಪ್ಪನ್ನು ಚಾಸಿಗೆ ಕಚ್ಚಿಸಿ ಮೊನೆಯಿಂದ ತಂತಿಯನ್ನು ಮುಟ್ಟಿದರೆ, ಬಲ್ಬು ಹೊತ್ತಿದಾಗ ‘ಲೈನ್ ಇದೆ’, ಹೊತ್ತದಿದ್ದಾಗ ‘ಲೈನ್ ಇಲ್ಲ’, ಮಂಕಾಗಿ ಹೊತ್ತಿದಾಗ ‘ಲೂಸ್ ಇದೆ’. ಮುಂದೆ ಬಂದ ಮಲ್ಟಿಮೀಟರು ವೋಲ್ಟೇಜನ್ನು ಅಂಕಿಯಲ್ಲಿಯೇ ತೋರಿಸಿತು. ಅಂಕಿಯ ಉಪಕರಣ ಬಲ್ಬಿಗಿಂತ ಮೇಲೆಂದು ತೋರುವುದು ಸಹಜವಾದರೂ ಸಂಗತಿ ಅಷ್ಟು ಸರಳವಲ್ಲ; ಅದನ್ನು ಒಂದು ಲೆಕ್ಕದಿಂದ ಕಾಣಬಹುದು.

ತಂತಿಯೊಂದರ ಜೋಡಣೆಯಲ್ಲಿ ಕಿಲುಬು ಕೂತು 10 ಓಮ್‌ಗಳಷ್ಟು ತಡೆ ಹುಟ್ಟಿದೆಯೆಂದು ಭಾವಿಸಬಹುದು. ಡಿಜಿಟಲ್ ಮೀಟರಿನ ಒಳತಡೆ ಸಾಮಾನ್ಯವಾಗಿ ಒಂದು ಕೋಟಿ ಓಮ್‌ಗಳಷ್ಟಿರುವುದರಿಂದ ಅದು ತಂತಿಯಿಂದ ಎಳೆದುಕೊಳ್ಳುವ ವಿದ್ಯುತ್ತು ಇಲ್ಲವೆನ್ನುವಷ್ಟು ಕಡಿಮೆ. ಆ ಸೂಕ್ಷ್ಮ ಪ್ರವಾಹಕ್ಕೆ 10 ಓಮ್ ಒಂದು ಅಡ್ಡಿಯೇ ಅಲ್ಲವಾಗಿ ಮೀಟರು 24 ವೋಲ್ಟನ್ನೇ ತೋರಿಸಿ, ತಂತಿ ಸರಿಯಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. 24 ವೋಲ್ಟಿನ, 21 ವ್ಯಾಟಿನ ಬಲ್ಬಿನ ತಡೆಯಾದರೋ ಹೊತ್ತಿದಾಗ ಸುಮಾರು 27 ಓಮ್. ಅದನ್ನು ಅದೇ ತಂತಿಗೆ ಮುಟ್ಟಿಸಿದರೆ ವೋಲ್ಟೇಜಿನ ಕಾಲುಭಾಗಕ್ಕಿಂತ ಹೆಚ್ಚು ಕಿಲುಬಿನಲ್ಲೇ ಉಳಿದು ಬಲ್ಬಿಗೆ ಸುಮಾರು 17 ವೋಲ್ಟು ಮಾತ್ರ ಸಿಕ್ಕಿ, ಅದು ಮಂಕಾಗುತ್ತದೆ. ಹೊರೆಯಿಲ್ಲದ ಎತ್ತು ಕುಂಟುವುದು ಕಾಣುವುದಿಲ್ಲ. ನೊಗ ಹೂಡಿದಾಗಲೇ ಕಾಣುತ್ತದೆ. ಟೆಸ್ಟ್ ಲ್ಯಾಂಪು ತಂತಿಗೆ ನೊಗ ಹೂಡುತ್ತದೆ, ಮೀಟರು ಹೂಡುವುದಿಲ್ಲ.

ಮೀಟರಿನ ನಿಜವಾದ ಉಪಯೋಗವು ಹೊರೆಯಿರುವಾಗ ವೋಲ್ಟೇಜು ಎಲ್ಲಿ ಸೋರುತ್ತಿದೆಯೆಂಬುದನ್ನು ಹುಡುಕುವುದರಲ್ಲಿದೆ. ಇದಕ್ಕೆ ‘ಡ್ರಾಪ್’ ನೋಡುವುದು ಎನ್ನುತ್ತಾರೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಕಂಬಕ್ಕೂ ಇನ್ನೊಂದನ್ನು ಇಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ ಹಿಡಿದು ಸೆಲ್ಫನ್ನು ತಿರುಗಿಸಿದರೆ, ಅರ್ತ್ ಸರಿಯಿದ್ದಾಗ ಅಂಕಿ ಅರ್ಧ ವೋಲ್ಟಿನ ಒಳಗೇ ನಿಲ್ಲುತ್ತದೆ. ಅದು ಎರಡು, ಮೂರು ವೋಲ್ಟಿಗೆ ಏರಿದರೆ ತಾಮ್ರದ ಪಟ್ಟಿಯೋ ಅದರ ಬೋಲ್ಟೋ ಕೆಟ್ಟಿದೆಯೆಂದು ಲಾರಿಯ ಒಂದು ನಟ್ಟನ್ನೂ ಬಿಚ್ಚದೆ ಹೇಳಬಹುದು. ಹಿತ್ತಾಳೆ ಪಾತ್ರೆಯ ಕಿಲುಬಿಗೆ ಹುಣಸೆಹಣ್ಣು ಹೇಗೋ ಹಾಗೆ ಇದಕ್ಕೆ ಎಮೆರಿ ಕಾಗದ. ಉಜ್ಜಿ, ಬಿಗಿದು, ಮೇಲೆ ಗ್ರೀಸು ಸವರಿದರೆ ಮುಗಿಯಿತು. 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯಡಿ ಐಟಿಐಗಳು ಮೋಟಾರು ಮತ್ತು ಡೀಸೆಲ್ ಮೆಕ್ಯಾನಿಕ್ ವೃತ್ತಿಗಳನ್ನು ಕಲಿಸತೊಡಗಿದರೂ, ಈ ಬಗೆಯ ಪರೀಕ್ಷೆಯ ಕೈಹದ ರಸ್ತೆಬದಿಯಲ್ಲಿ ಹುಡುಗನಾಗಿ ಸೇರಿ ಮೇಸ್ತ್ರಿಯಾಗುವ ಹಳೆಯ ದಾರಿಯಲ್ಲಿಯೇ ಹೆಚ್ಚಾಗಿ ಸಾಗಿಬಂದಿತು.

ಎಳೆತದೊಳಗೆ ಹೊಕ್ಕ ವಿದ್ಯುತ್ತು

1990ರ ದಶಕದ ಕೊನೆಯಿಂದ ಕಸುಬಿನ ಹಳೆಯ ಗಡಿ ಅಳಿಸತೊಡಗಿತು. 1998ರಲ್ಲಿ ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ವೋಲ್ವೊ ಲಾರಿ ಕಾರ್ಖಾನೆ ಆರಂಭವಾಯಿತು; 2000ದ ದಶಕದಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ವೋಲ್ವೊ ಬಸ್ಸುಗಳು ಬೆಂಗಳೂರು–ಮೈಸೂರು ರಸ್ತೆಯ ನಿತ್ಯದ ನೋಟವಾದವು. 2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಭಾರತ್ ಸ್ಟೇಜ್ 4, 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ಹೊಗೆ ನಿಯಂತ್ರಣ ನಿಯಮಗಳು ಜಾರಿಗೆ ಬಂದಾಗ, ಇಂಧನವನ್ನು ಅಳೆದು ಬಿಡುವ ಕೆಲಸವು ಯಂತ್ರದ ಪಂಪಿನಿಂದ ಇಸಿಯು ಎಂಬ ಗಣಕಪೆಟ್ಟಿಗೆಯ ಕೈಗೆ ಬಹುಮಟ್ಟಿಗೆ ಹೋಯಿತು. ಬ್ಯಾಟರಿ ಕಳಚಿದರೂ ಓಡುತ್ತಿದ್ದ ಡೀಸೆಲ್ ಲಾರಿಯ ಕಾಲ ಹೀಗೆ ಮುಗಿಯಿತು. ಬೆಳಕು ಮತ್ತು ಸದ್ದಿಗೆ ಸೀಮಿತವಾಗಿದ್ದ ವಿದ್ಯುತ್ತು ಎಳೆತದೊಳಗೇ ಹೊಕ್ಕಿತು.

ಇದರ ಪರಿಣಾಮ ಗೇರ್‌ಬಾಕ್ಸಿನ ದೂರುಗಳಲ್ಲಿ ಎರಡು ಬಗೆಯಾಗಿ ಕಾಣುತ್ತದೆ. ಮೊದಲನೆಯದು ಕೈಗೇರಿನ ಲಾರಿಗಳದು: ಗೇರ್‌ಬಾಕ್ಸಿನ ಹಿಂತುದಿಯಲ್ಲಿ ಶಾಫ್ಟಿನ ವೇಗವನ್ನು ಅಳೆಯುವ ಸೆನ್ಸರಿನಿಂದ ಬರುವ ಸಂಕೇತ ತಪ್ಪಿದಾಗ ಅಥವಾ ಇಸಿಯುವಿಗೆ ಬೇರೊಂದು ತಪ್ಪು ಲೆಕ್ಕ ಮುಟ್ಟಿದಾಗ ಅದು ಇಂಜಿನ್ನನ್ನು ಕಾಪಾಡಲೆಂದು ಇಂಧನವನ್ನು ಬಿಗಿಹಿಡಿಯುವುದುಂಟು. ಲಾರಿ ಎಳೆಯುವುದಿಲ್ಲ, ಚಾಲಕನ ಮಾತಿನಲ್ಲಿ ‘ಪಿಕಪ್ ಇಲ್ಲ’, ಅನುಮಾನ ಕ್ಲಚ್ ಪ್ಲೇಟಿನ ಮೇಲೆ ಬೀಳುತ್ತದೆ. ಎರಡನೆಯದು ಎಎಂಟಿ, ಅಂದರೆ ತಾನಾಗಿ ಗೇರು ಬದಲಿಸುವ ಕೈಗೇರಿನ ಪೆಟ್ಟಿಗೆಯುಳ್ಳ ವಾಹನಗಳದು. ಇವುಗಳಲ್ಲಿ ಹಲ್ಲುಗಾಲಿಗಳು ಹಳೆಯವೇ, ಬದಲಾದದ್ದು ಅವನ್ನು ಸರಿಸುವ ಕೈ. ಚಾಲಕನ ತೋಳಿನ ಕೆಲಸವನ್ನು ಒತ್ತಡದ ಗಾಳಿ ಮಾಡುತ್ತದೆ. ಆ ಗಾಳಿಯನ್ನು ಸೊಲಿನಾಯ್ಡ್ ಎಂಬ ವಿದ್ಯುತ್ ಕವಾಟಗಳು ಬಿಡುತ್ತವೆ, ತಡೆಯುತ್ತವೆ. ಗೇರ್‌ಬಾಕ್ಸಿಗೆ ಒಳಬರುವ ಶಾಫ್ಟಿನ ವೇಗ, ಹೊರಹೋಗುವ ಶಾಫ್ಟಿನ ವೇಗ, ಕ್ಲಚ್ ಎಷ್ಟು ಸರಿದಿದೆ, ಗೇರು ಯಾವ ನೆಲೆಯಲ್ಲಿದೆ ಎಂಬ ಲೆಕ್ಕಗಳೆಲ್ಲ ಹೊಂದಿಕೊಂಡರೆ ಮಾತ್ರ ಗಣಕವು ಗೇರು ಬದಲಿಸಲು ಒಪ್ಪುತ್ತದೆ. ಬ್ಯಾಟರಿಯ ವೋಲ್ಟೇಜು ಕುಸಿದಿದ್ದರೆ ಕವಾಟಗಳು ಪೂರ್ತಿ ತೆರೆಯಲಾರವು. ಆಗ ಗಣಕವು ಗೇರು ಹಾಕದೆ ನಿಲ್ಲುತ್ತದೆ, ಇಲ್ಲವೆ ಒಂದೇ ಗೇರಿನಲ್ಲಿ ಕುಂಟಿಸಿಕೊಂಡು ಸಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಇದು ಗೇರ್‌ಬಾಕ್ಸಿನ ರೋಗ. ಒಳಗಿನಿಂದ ನೋಡಿದರೆ ಬ್ಯಾಟರಿ ಟರ್ಮಿನಲ್ಲಿನ ರೋಗ.

ಇಷ್ಟು ಗಣಕಗಳು ತಮ್ಮೊಳಗೆ ಮಾತಾಡಿಕೊಳ್ಳಲು ಬಾಷ್ ಸಂಸ್ಥೆ 1986ರಲ್ಲಿ ಜಗತ್ತಿನ ಮುಂದಿಟ್ಟ ಕ್ಯಾನ್ ಎಂಬ ವ್ಯವಸ್ಥೆ ಬಳಕೆಯಲ್ಲಿದೆ. ಹುರಿ ಹೊಸೆದಂತೆ ಒಂದಕ್ಕೊಂದು ಸುತ್ತಿಕೊಂಡ ಎರಡು ತೆಳು ತಂತಿಗಳಲ್ಲಿ ಎಲ್ಲ ಗಣಕಗಳ ಮಾತೂ ಸರದಿಯಲ್ಲಿ ಹರಿಯುತ್ತದೆ. ಭಾರೀ ವಾಹನಗಳಿಗೆ ಗೊತ್ತುಪಡಿಸಿದ ಜೆ1939 ಎಂಬ ಕ್ರಮದಲ್ಲಿ ಈ ಜೋಡಿಯ ಎರಡು ಕೊನೆಗಳಲ್ಲೂ ತಲಾ 120 ಓಮ್ ತಡೆ ಇರುತ್ತದೆ. ಬ್ಯಾಟರಿ ಕಳಚಿ ಎರಡು ತಂತಿಗಳ ನಡುವೆ ಮೀಟರು ಹಿಡಿದರೆ 60 ಓಮ್ ತೋರಬೇಕು. 120 ತೋರಿದರೆ ಒಂದು ಕೊನೆ ಕಳಚಿದೆ ಅಥವಾ ತಂತಿ ತುಂಡಾಗಿದೆ, ಸೊನ್ನೆಯ ಹತ್ತಿರ ತೋರಿದರೆ ಎರಡೂ ಒಂದಕ್ಕೊಂದು ತಾಗಿವೆ. ಇಂಜಿನ್ನಿನ ಗಣಕದ ಮಾತು ಗೇರ್‌ಬಾಕ್ಸಿನ ಗಣಕಕ್ಕೆ ಕೇಳಿಸದಾದಾಗ ಗೇರು ಬೀಳುವುದಿಲ್ಲ. ಹಲ್ಲುಗಾಲಿಗಳಿಗೆ ಅದರಲ್ಲಿ ಯಾವ ಪಾಲೂ ಇಲ್ಲ.

ಇದೇ ಜೆ1939 ಕ್ರಮದಲ್ಲಿ, ಗಣಕಗಳ ಮಾತನ್ನು ಓದುವ ಸ್ಕ್ಯಾನರು ತೋರಿಸುವ ಕೋಡಿಗೆ ಎರಡು ಭಾಗಗಳಿವೆ: ಎಸ್‌ಪಿಎನ್ ಎಂಬುದು ಯಾವ ಲೆಕ್ಕದ ಬಗ್ಗೆ ಅನುಮಾನವೆಂದೂ, ಎಫ್‌ಎಂಐ ಎಂಬುದು ಅನುಮಾನ ಯಾವ ಬಗೆಯದೆಂದೂ ಹೇಳುತ್ತವೆ. ಎಸ್‌ಪಿಎನ್ 191 ಎಂದರೆ ಗೇರ್‌ಬಾಕ್ಸಿನಿಂದ ಹೊರಹೋಗುವ ಶಾಫ್ಟಿನ ವೇಗ. ಎಫ್‌ಎಂಐ 5 ಎಂದರೆ ವಿದ್ಯುತ್ತಿನ ದಾರಿ ತುಂಡಾಗಿದೆ ಅಥವಾ ಅದರಲ್ಲಿ ಪ್ರವಾಹ ಕಡಿಮೆಯಿದೆ. ಇವೆರಡು ಒಟ್ಟಿಗೆ ಕಂಡೊಡನೆ ಸೆನ್ಸರನ್ನು ಬದಲಿಸುವುದು ಅವಸರದ ಮೆಕ್ಯಾನಿಕ್ಕಿನ ಲಕ್ಷಣ. ಕೋಡು ದೂರುವುದು ಇಡೀ ದಾರಿಯನ್ನು, ಆ ದಾರಿಯ ಕೊನೆಯಲ್ಲಿರುವ ಮನೆಯನ್ನಲ್ಲ. ಕನೆಕ್ಟರನ್ನು ಬಿಡಿಸಿ ಅದರ ಪಿನ್ನುಗಳಲ್ಲಿ ಹಸಿರು ಕಿಲುಬಿದೆಯೇ, ತೊಳೆಯುವಾಗ ರಭಸದಿಂದ ಹಾಯಿಸಿದ ನೀರು ಒಳಗೆ ನಿಂತಿದೆಯೇ, ಚಾಸಿಯ ಅಂಚಿಗೆ ಉಜ್ಜಿ ವೈರಿನ ಹೊದಿಕೆ ಸವೆದಿದೆಯೇ, ಇಲಿ ಕಡಿದಿದೆಯೇ ಎಂದು ನೋಡುತ್ತ, ಮೀಟರಿನ ಮೇಲೊಂದು ಕಣ್ಣಿಟ್ಟು ವೈರಿನ ಕಟ್ಟನ್ನು ಗೇಣುಗೇಣಾಗಿ ಅಲುಗಿಸಿ, ಅಂಕಿ ಹಾರುವ ಜಾಗವನ್ನು ಹಿಡಿಯುವುದು ಸರಿಯಾದ ಕ್ರಮ. ಈ ಹಂತದಲ್ಲಿ ಹಳೆಯ ಟೆಸ್ಟ್ ಲ್ಯಾಂಪು ಹಿಂದೆ ಸರಿಯಲೇಬೇಕು, ಏಕೆಂದರೆ ಕಿಲುಬನ್ನು ಬಯಲಿಗೆಳೆಯುವ ಅದರ ಹೊರೆಯೇ ಗಣಕದ ಸೂಕ್ಷ್ಮ ತಂತಿಗಳನ್ನು ಸುಡಬಲ್ಲದು. ಬ್ಯಾಟರಿ, ಫ್ಯೂಸು ಮತ್ತು ಅರ್ತಿನ ದಪ್ಪ ತಂತಿಗಳಿಗೆ ದೀಪ, ಸೆನ್ಸರಿನ ತೆಳು ತಂತಿಗಳಿಗೆ ಮೀಟರು, ಗಣಕಗಳ ಮಾತಿಗೆ ಸ್ಕ್ಯಾನರು ಎಂಬ ವಿವೇಕವೇ ಈ ಕಾಲದ ನಿದಾನ.

ಪಕ್ಕಕ್ಕೆ ಸರಿದ ರಸ್ತೆ

ಉಪಕರಣ ಬದಲಾದಂತೆ ರಸ್ತೆಯೂ ಬದಲಾಯಿತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ, ರಾಷ್ಟ್ರೀಯ ಹೆದ್ದಾರಿ 275ರ ಭಾಗವಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಮುಂತಾದ ಊರುಗಳನ್ನು ಬೈಪಾಸುಗಳ ಮೂಲಕ ದಾಟಿಸಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ ಮತ್ತು ಟ್ರಾಕ್ಟರುಗಳಿಗೆ ಪ್ರವೇಶ ನಿಂತಿತು. ದೂರದ ಲಾರಿ ಊರೊಳಗೆ ಬಾರದಾದಾಗ, ಕೂಡುರಸ್ತೆಯ ಬ್ಯಾಟರಿ ಅಂಗಡಿ ಮತ್ತು ವೈರಿಂಗ್ ಅಂಗಡಿಗಳ ಪಾಲಿಗೆ ಉಳಿಯುವುದು ಸರ್ವಿಸ್ ರಸ್ತೆಯ ಟ್ರಾಕ್ಟರು, ಕಬ್ಬಿನ ಲಾರಿ, ಹತ್ತಿರದ ಟಿಪ್ಪರು. ಹೊಸ ಲಾರಿಯ ಗಣಕವನ್ನು ಪೂರ್ತಿ ಓದುವ ಸಾಫ್ಟ್‌ವೇರು ತಯಾರಕರ ಅಧಿಕೃತ ಸರ್ವಿಸ್ ಕೇಂದ್ರಗಳ ಹಿಡಿತದಲ್ಲಿರುವುದರಿಂದ, ಕಸುಬಿನ ಜ್ಞಾನದ ಒಂದು ಪಾಲು ಕೂಡ ರಸ್ತೆಬದಿಯಿಂದ ಎದ್ದು ನಡೆದಿದೆ. ಆದರೆ ಸ್ಕ್ಯಾನರು ಕೋಡು ಹೇಳಿ ಮುಗಿಸಿದ ಮೇಲೆ ಉಳಿಯುವ ಕೆಲಸ, ಅಂದರೆ ಲಾರಿಯ ಕೆಳಗೆ ಮಲಗಿ ಗೇಣುಗೇಣಾಗಿ ತಂತಿಯನ್ನು ತಡವುತ್ತ ಹೋಗುವ ಕೆಲಸ, ಯಾವ ಸಾಫ್ಟ್‌ವೇರಿಗೂ ಸೇರಿದ್ದಲ್ಲ.

ನವರಾತ್ರಿಯ ಆಯುಧಪೂಜೆಯಂದು ಗ್ಯಾರೇಜುಗಳಲ್ಲಿ ಸ್ಪ್ಯಾನರು, ಸುತ್ತಿಗೆಗಳ ಸಾಲಿನಲ್ಲಿ ಮೀಟರಿಗೂ ಕುಂಕುಮ ಬೀಳುತ್ತದೆ. ಆ ಸಾಲಿನಲ್ಲಿರುವ ಸುತ್ತಿಗೆಗೆ ತಾನು ಬಡಿದದ್ದನ್ನು, ಸ್ಪ್ಯಾನರಿಗೆ ತಾನು ಬಿಚ್ಚಿದ್ದನ್ನು ತೋರಿಸಲು ಬರುತ್ತದೆ. ಮೀಟರಿಗೆ ತೋರಿಸಲು ಏನೂ ಇಲ್ಲ, ಏಕೆಂದರೆ ಅದರ ದುಡಿಮೆಯ ಫಲವೆಂದರೆ ಬಿಚ್ಚದೆ ಉಳಿದ ಗೇರ್‌ಬಾಕ್ಸು. ಬದಲಿಸಿದ ಬೇರಿಂಗಿಗೂ ಕ್ಲಚ್ ಪ್ಲೇಟಿಗೂ ಬಿಲ್ಲು ಇರುತ್ತದೆ, ಬಿಲ್ಲಿನಿಂದ ಲೆಕ್ಕ ಹುಟ್ಟುತ್ತದೆ, ಲೆಕ್ಕದಿಂದ ಚರಿತ್ರೆ ಬರೆಯಬಹುದು. ಎಮೆರಿ ಕಾಗದದಿಂದ ಉಜ್ಜಿ ಬಿಗಿದ ಒಂದು ಅರ್ತಿನ ಬೋಲ್ಟು ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಈ ಕಸುಬಿನ ಚರಿತ್ರೆಯನ್ನು ಹುಡುಕುವವರು ಆದುದರಲ್ಲಿ ಮಾತ್ರವಲ್ಲದೆ ಆಗದೆ ತಪ್ಪಿದ್ದರಲ್ಲಿಯೂ, ಎಮ್ಮೆಗೆ ಬೀಳದೆ ಉಳಿದ ಬರೆಗಳಲ್ಲಿಯೂ ಅದನ್ನು ಹುಡುಕಬೇಕಾಗುತ್ತದೆ.